ಸೈಕಲ್ಲಿಗೊಂದು ಕಂಟಲೆ

ಸಂಘದ ಗೆಳೆಯರು ಚಳಿಗಾಲದ ರಜೆಯಲ್ಲಿ ಸಾಬರಮತಿಯಿಂದ ದಂಡಿಗೆ ಸೈಕಲ್ ಮೇಲೆ ಹೋಗುವ ಮಾತೆತ್ತಿದ್ದಾರೆ. 1930ರಲ್ಲಿ ಗಾಂಧೀಜಿಯ ಜೊತೆ ಆ ಸುಮಾರು 385 ಕಿಲೋಮೀಟರ್ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು ಅನ್ನುವುದೇ ಈ ಉತ್ಸಾಹಕ್ಕೆ ಕಾರಣ. ಒಳ್ಳೆಯ ಕಾರಣವೇ. ಆದರೆ ಅವರು ತಮ್ಮ ಗಂಟನ್ನು ಹೆಗಲಿಗೆ ಹಾಕಿಕೊಂಡು ನಡೆದವರು, ನಾವು ಸೈಕಲ್ಲಿನ ಮೇಲೆ ಹೇರುವವರು. ಗೇರಿನ ಬಗ್ಗೆ ಎಲ್ಲರೂ ಮಾತಾಡ್ತಾರೆ, ಹೇರುವುದು ಹೇಗೆ ಅಂತ ಯಾರೂ ಕೇಳ್ತಿಲ್ಲ.

ನಾನಿರುವುದು ಕೊಯಾಲಿಯಲ್ಲಿ. 1965ರಿಂದ ಇಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಿದೆ, ರಸ್ತೆ ತುಂಬ ಟ್ಯಾಂಕರುಗಳು. ಟ್ಯಾಂಕರ್ ಪಕ್ಕದಲ್ಲೇ ಹಾದುಹೋದರೆ ಅದರ ಗಾಳಿ ಮೊದಲು ನಮ್ಮನ್ನು ಆಚೆ ನೂಕಿ, ಮರುಕ್ಷಣವೇ ಗಾಲಿಗಳ ಕಡೆಗೆ ಎಳೆಯುತ್ತದೆ. ಆ ಹೊತ್ತಿಗೆ ಹಿಂದಿನ ಚೀಲ ತೂಗಾಡಿದರೆ ಸೈಕಲ್ಲೂ ತೂಗಾಡುತ್ತದೆ. ಚೀಲದ ಪಟ್ಟಿ ಕಡ್ಡಿಗಳಿಗೆ ಸಿಕ್ಕಿತೋ, ಗಾಲಿ ನಿಂತೇಬಿಡುತ್ತದೆ. ಆಮೇಲೆ ಏನಾಗುತ್ತೆ ಅಂತ ಬರೆಯಬೇಕಾಗಿಲ್ಲ. (ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್ ದಾರಿಗೆ ಮಹಾತ್ಮನ ಹೆಸರೇ ಇದೆ. ಅದರ ಮೇಲೆ ಸೈಕಲ್ ಬಿಡುವುದಿಲ್ಲ. ಆಣಂದ, ನಡಿಯಾದ್ ಕಡೆಯ ಹಳೇ ರಸ್ತೆಗಳೇ ನಮಗೆ ಗತಿ.)

ಎತ್ತಿನ ಬೆನ್ನಿನ ಮೇಲೆ ಅಡ್ಡ ಹಾಕಿ ಎರಡು ಪಕ್ಕಕ್ಕೂ ಇಳಿಬಿಡುವ ಜೋಡಿಚೀಲಕ್ಕೆ ಕನ್ನಡದಲ್ಲಿ ಕಂಟಲೆ ಅಂತ ಹೆಸರು. ಅಂಗಡಿಯವರು ಪ್ಯಾನಿಯರ್ ಅಂತ ಮಾರುವುದು ಇದನ್ನೇ. ಎರಡೂ ಕಡೆ ಸಮತೂಕ, ಭಾರವೆಲ್ಲ ಕೆಳಗೆ: ಹೇರೆತ್ತಿನವರ ಲೆಕ್ಕ ಇಷ್ಟೇ. ಹಾಲಿನವರನ್ನು ನೋಡಿ, ಕ್ಯಾನುಗಳನ್ನು ಹಿಂದಿನ ಗಾಲಿಯ ಅಕ್ಕಪಕ್ಕ ನೇತುಹಾಕುತ್ತಾರೆಯೇ ಹೊರತು ಕ್ಯಾರಿಯರ್ ಮೇಲೆ ಗೋಪುರ ಕಟ್ಟುವುದಿಲ್ಲ. ಭಾರ ಎತ್ತರಕ್ಕೆ ಹೋದಷ್ಟೂ ಸೈಕಲ್ ಬಾಗಿದಾಗ ಎತ್ತಿ ನಿಲ್ಲಿಸುವುದು ಕಷ್ಟ.

ಚೀಲಕ್ಕಿಂತ ಮೊದಲು ಕ್ಯಾರಿಯರ್ ಆರಿಸಬೇಕು. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿ ನಿಲ್ಲುವ ಕ್ಯಾರಿಯರ್ ನೋಡೋಕೆ ಚೆಂದ. ಹೊರುವುದು ಹೆಚ್ಚೆಂದರೆ ಒಂಬತ್ತು ಹತ್ತು ಕಿಲೋ, ಅದೂ ಅಲುಗಾಡುತ್ತ. ನಮಗೆ ಬೇಡ. ಕೆಳಗೆ ಗಾಲಿಯ ಅಚ್ಚಿನ ಹತ್ತಿರ ಎರಡು ಕಾಲು ಊರಿ, ಮೇಲೆ ಚೌಕಟ್ಟಿಗೆ ಬಿಗಿಯುವಂಥದ್ದೇ ಬೇಕು. ಅಲ್ಯೂಮಿನಿಯಂನವು ಸಾಮಾನ್ಯವಾಗಿ 25 ಕಿಲೋ ಅಂತ ಬರೆದುಕೊಂಡಿರುತ್ತವೆ, ಹಗುರವೂ ಹೌದು. ನನ್ನ ಮತ ಮಾತ್ರ ಉಕ್ಕಿಗೆ. ಮುರಿದರೆ ಯಾವ ಊರಿನಲ್ಲಾದರೂ ವೆಲ್ಡಿಂಗ್ ಮಾಡುವವನು ಸಿಗುತ್ತಾನೆ, ಅಲ್ಯೂಮಿನಿಯಂ ಕಂಡರೆ ಅವನು ಕೈ ಮುಗಿದುಬಿಡ್ತಾನೆ. ಕೊಳ್ಳುವ ಮೊದಲು ನಿಮ್ಮ ಸೈಕಲ್ಲಿನ ಅಚ್ಚಿನ ಪಕ್ಕ ಬೋಲ್ಟ್ ಹಾಕುವ ತೂತು ಇದೆಯೇ ನೋಡಿ. ಎಷ್ಟೋ ಹೊಸ ಸೈಕಲ್ಲುಗಳಲ್ಲಿ ಅದೇ ಇರುವುದಿಲ್ಲ.

ಗಾಲಿಯನ್ನೂ ಎಣಿಸಿ ನೋಡಿ. ಅಪ್ಪಂದಿರ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಹೇರು ಹಿಂದೆ ಬೀಳುತ್ತದೆ ಅಂತ ಗೊತ್ತಿದ್ದವರು ಮಾಡಿದ ಲೆಕ್ಕ ಅದು. ತೆಳು ಗಾಲಿಯ ರೇಸ್ ಸೈಕಲ್ ತರುವ ಗೆಳೆಯರು ಸಾಮಾನು ಅರ್ಧ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಚೀಲ. ಒಂದೊಂದು ಇಪ್ಪತ್ತು ಲೀಟರಿನದು ಧಾರಾಳ. ದೊಡ್ಡದಿದ್ದರೆ ತುಂಬಿಯೇ ತುಂಬುತ್ತೇವೆ, ಅದು ಮನುಷ್ಯಸ್ವಭಾವ. ಮೇಲಿನ ಕೊಕ್ಕೆಗಳು ಕ್ಯಾರಿಯರ್ ಕಂಬಿಗೆ ಸಡಿಲವಿಲ್ಲದೆ ಕೂರಬೇಕು. ಕೆಳಗೂ ಒಂದು ಕೊಕ್ಕೆ ಇರಲೇಬೇಕು, ಅದಿಲ್ಲದ ಚೀಲ ಗುಂಡಿ ಬಂದಾಗ ಹಾರಿ ಗಾಲಿಗೆ ಬೀಳುತ್ತದೆ. ಚೀಲ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ: ಹಿಮ್ಮಡಿ ತಾಗಿದರೆ ಚೀಲ ಇನ್ನಷ್ಟು ಹಿಂದಕ್ಕೆ ಸರಿಯಬೇಕು. ಉದ್ದ ಪಾದದವರಿಗೆ ಇದು ದೊಡ್ಡ ತಲೆನೋವು. ಜಲನಿರೋಧಕ ಚೀಲಕ್ಕೆ ದುಡ್ಡಿಲ್ಲದವರು ಕ್ಯಾನ್ವಾಸ್ ಹೊಲಿಸಿ, ಒಳಗೆ ತೊಳೆದ ಗೊಬ್ಬರದ ಚೀಲ ಇಟ್ಟುಕೊಳ್ಳಿ. ಹೊಲಿಯುವವನಿಗೆ ಗಾಲಿಯ ಕಡೆಯ ಬದಿಗೆ ಗಟ್ಟಿ ರಟ್ಟೋ ತೆಳು ಹಲಗೆಯೋ ಹಾಕಲು ಹೇಳಿ, ಇಲ್ಲದಿದ್ದರೆ ಬಟ್ಟೆ ಉಬ್ಬಿ ಕಡ್ಡಿಗೆ ತಾಗುತ್ತದೆ.

ಹೊರಡುವ ಹಿಂದಿನ ವಾರ ಪೂರ್ತಿ ಹೇರಿಕೊಂಡು ಮೂವತ್ತು ಕಿಲೋಮೀಟರಾದರೂ ಓಡಿಸಿ. ಅದರಲ್ಲಿ ಹತ್ತು ಕೆಟ್ಟ ರಸ್ತೆಯಿರಲಿ. ಬಂದ ಮೇಲೆ ಕ್ಯಾರಿಯರಿನ ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ನೋಡಿ, ಒಂದಾದರೂ ಸಡಿಲಾಗಿರುತ್ತದೆ. ಅದೇ ಅಳತೆಯ ಎರಡು ಬೋಲ್ಟುಗಳನ್ನು ಸೀಟಿನ ಕೆಳಗೆ ಟೇಪು ಸುತ್ತಿ ಅಂಟಿಸಿಕೊಂಡು ಬನ್ನಿ, ಬಿಗಿಯುವ ಸ್ಪಾನರ್ ನಾನು ತರ್ತೀನಿ.