ರಾಜ್ಯಾಂಗವೂ ನಮ್ಮ ಹೆಸರೂ



ಭಾರತದ ಸಂವಿಧಾನವು ದಿಲ್ಲಿಯಲ್ಲಿ ರಚಿತವಾಯಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಅದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಮನೆಬಾಗಿಲಿಗೆ ಹೇಗೆ ಬಂದಿತೆಂಬುದನ್ನು ವಿಚಾರಿಸುವವರು ವಿರಳ. ಆದುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಅರಿಕೆಮಾಡುವೆವು.

ಸಂವಿಧಾನಸಭೆಯು 1946ನೆಯ ಡಿಸೆಂಬರ್ 9ರಂದು ಮೊದಲು ನೆರೆಯಿತು. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಸಲಹೆಗಾರರಾಗಿ ಮೊದಲನೆಯ ಕರಡನ್ನು ಸಿದ್ಧಪಡಿಸಿದರು, ಡಾ. ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ಅದನ್ನು ಪರಿಷ್ಕರಿಸಿತು. ಹಂಸಾ ಮೆಹತಾ, ದಾಕ್ಷಾಯಣಿ ವೇಲಾಯುಧನ್ ಮೊದಲಾದ ಸ್ತ್ರೀಯರೂ ಆ ಸಭೆಯ ಸದಸ್ಯರಾಗಿದ್ದರು.

ನಮ್ಮ ಸೀಮೆಯಾದರೋ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಆ ಸಂಸ್ಥಾನವು 1947ರಲ್ಲಿ ಭಾರತವನ್ನು ಸೇರಲಿಲ್ಲ. 1948ನೆಯ ಸೆಪ್ಟೆಂಬರಿನ ಸೈನ್ಯಕಾರ್ಯದ ತರುವಾಯವೇ ಅದು ಭಾರತದ ಆಡಳಿತಕ್ಕೆ ಬಂದಿತು. ಅದರ ಪರವಾಗಿ ಒಬ್ಬ ಪ್ರತಿನಿಧಿಯೂ ಸಂವಿಧಾನಸಭೆಯಲ್ಲಿ ಕುಳಿತುಕೊಳ್ಳಲಿಲ್ಲ. 1949ನೆಯ ನವೆಂಬರಿನಲ್ಲಿ ನಿಜಾಮರು ಫರ್ಮಾನಿನ ಮೂಲಕ ಸಂವಿಧಾನವನ್ನು ಅಂಗೀಕರಿಸಿದರು. ಅದೇ ತಿಂಗಳು 26ರಂದು ಸಭೆಯೂ ಅದನ್ನು ಸ್ವೀಕರಿಸಿತು. ನಮ್ಮ ಹಿರಿಯರು ಕೇಳದೆ, ಮಾತನಾಡದೆ, ಅನ್ಯರ ಪರಿಶ್ರಮದ ಫಲಕ್ಕೆ ಬಾಧ್ಯರಾದರೆಂದೇ ಹೇಳಬೇಕು.

ಆ ಫಲವಾದರೂ ಅಲ್ಪವಾದುದಲ್ಲ. 395 ವಿಧಿಗಳುಳ್ಳ ಆ ಗ್ರಂಥದ 15ನೆಯ ವಿಧಿಯು ಮತ, ಜಾತಿ, ಲಿಂಗಗಳ ಕಾರಣದಿಂದ ಭೇದವೆಣಿಸಬಾರದೆಂದಿತು. 17ನೆಯದು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 326ನೆಯದು ವಯಸ್ಕರೆಲ್ಲರಿಗೂ ಮತದ ಅಧಿಕಾರವನ್ನು ಕೊಟ್ಟಿತು. ಅಂದು 21 ವರ್ಷವಿದ್ದ ಮತದಾನದ ವಯಸ್ಸು 1989ರಿಂದ 18 ಆಗಿರುವದು.

ಆದರೂ ಒಂದು ವಿಷಾದದ ಸಂಗತಿಯನ್ನು ಮರೆಯಲಾಗದು. 1951-52ರ ಮೊದಲನೆಯ ಮಹಾಚುನಾವಣೆಗೆ ಮತದಾರರ ಪಟ್ಟಿಯನ್ನು ಬರೆಯುವಾಗ, ಬಹುಮಟ್ಟಿಗೆ ಉತ್ತರದ ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಹೇಳಲಿಲ್ಲ. “ಇಂಥವರ ಹೆಂಡತಿ,” “ಇಂಥವರ ತಾಯಿ” ಎಂದಷ್ಟೇ ಬರೆಯಿಸಿದರು. ಹೀಗೆ ಹೆಸರಿಲ್ಲದ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಹಕ್ಕು ಇದ್ದಿತು, ಹೆಸರಿಲ್ಲದುದರಿಂದ ಅದು ಕೈಗೆ ಬಾರದೆ ಹೋಯಿತು.

ಹೆಸರಿನ ಬೆಲೆಯನ್ನು ನಮ್ಮ ಮಸ್ಕಿಯ ಬಂಡೆಯೇ ಸಾರುವದು. ಇತರ ಶಾಸನಗಳಲ್ಲಿ “ದೇವಾನಾಂಪ್ರಿಯ” ಎಂಬ ಬಿರುದನ್ನಷ್ಟೇ ಓದುತ್ತಿದ್ದ ಪಂಡಿತರಿಗೆ, 1915ರಲ್ಲಿ ಅಲ್ಲಿ “ಅಶೋಕ” ಎಂಬ ಹೆಸರು ದೊರೆತುದರಿಂದ ಆ ಅರಸನು ಯಾರೆಂಬುದು ನಿಶ್ಚಯವಾಯಿತು. ಅರಸನಿಗೇ ಹೆಸರು ಬೇಕಾದರೆ ಪ್ರಜೆಗೆ ಬೇಡವೇ?

ತಾಯಂದಿರೇ, ಹುಡುಗಿಯು ಶಾಲೆಯ ಹಲಗೆಯ ಮೇಲೆ ಮೊದಲು ಬರೆಯುವದು ತನ್ನ ಹೆಸರನ್ನು. ಆಕೆಗೆ 18 ತುಂಬಿದೊಡನೆ ಅದೇ ಹೆಸರು ಮತದಾರರ ಪಟ್ಟಿಯಲ್ಲಿಯೂ ಇರುವಂತೆ ನೋಡಿಕೊಳ್ಳಿರೆಂದು ವಿನಯದಿಂದ ಬೇಡುವೆವು.