ರೋಪ್‌ವೇ, ಕೇಬಲ್ ಕಾರ್, ಗೊಂಡೋಲಾ: ಹೆಸರುಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬೆಟ್ಟ, ಕಣಿವೆ ಅಥವಾ ನದಿಯನ್ನು ದಾಟಲು ಉಕ್ಕಿನ ಹಗ್ಗವನ್ನು ಆಧರಿಸಿ ನೆಲದಿಂದ ಮೇಲೆ ಚಲಿಸುವ ವಾಹನಗಳನ್ನು ಜನರು ನಾನಾ ಹೆಸರುಗಳಿಂದ ಕರೆಯುತ್ತಾರೆ. ಈ ಹೆಸರುಗಳೆಲ್ಲವೂ ಒಂದೇ ಅರ್ಥದವಲ್ಲ. ಮನವಿ, ಆಕ್ಷೇಪಣೆ ಅಥವಾ ಮಾಹಿತಿ ಹಕ್ಕಿನ ಅರ್ಜಿಯನ್ನು ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಈ ಕೆಳಕಂಡ ವಿವರಣೆಯನ್ನು ನೀಡಲಾಗಿದೆ.

1. ರೋಪ್‌ವೇ (ರಜ್ಜುಮಾರ್ಗ): ಇದು ಇಡೀ ವರ್ಗಕ್ಕೆ ಅನ್ವಯಿಸುವ ಹೆಸರು. 1923ರ ಬಂಗಾಳದ ಅಧಿನಿಯಮ ಹಾಗೂ 1968ರ ಹಿಮಾಚಲ ಪ್ರದೇಶದ ಅಧಿನಿಯಮಗಳಲ್ಲಿ 'ಏರಿಯಲ್ ರೋಪ್‌ವೇ' ಎಂಬ ಪದವನ್ನೇ ಬಳಸಲಾಗಿದೆ. ಸರಕು ಸಾಗಣೆಯೂ ಇದರಲ್ಲಿ ಸೇರುತ್ತದೆ. ಹಿಂದೆ ಭದ್ರಾವತಿಯ ಕಾರ್ಖಾನೆಗೆ ಬೇಕಾದ ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ರೋಪ್‌ವೇ ಮೂಲಕವೇ ಕೆಳಗಿಳಿಯುತ್ತಿತ್ತು.

2. ಕೇಬಲ್ ಕಾರ್: ರೂಢಿಯಲ್ಲಿ ಹಗ್ಗಕ್ಕೆ ತೂಗುಹಾಕಿದ ಪೆಟ್ಟಿಗೆಗೆ ಈ ಹೆಸರಿದೆ. ಆದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1873ರಲ್ಲಿ ಆರಂಭವಾದ ಕೇಬಲ್ ಕಾರ್ ಬೀದಿಯ ಹಳಿಗಳ ಮೇಲೆ ಓಡುತ್ತದೆ. ಅದನ್ನೆಳೆಯುವ ಹಗ್ಗ ನೆಲದಡಿಯಲ್ಲಿದೆ. ಆದುದರಿಂದ ಈ ಪದವೊಂದರಿಂದಲೇ ವ್ಯವಸ್ಥೆಯ ಸ್ವರೂಪ ಸ್ಪಷ್ಟವಾಗುವುದಿಲ್ಲ.

3. ಗೊಂಡೋಲಾ: ಹಲವು ಚಿಕ್ಕ ಪೆಟ್ಟಿಗೆಗಳು ಒಂದರ ಹಿಂದೊಂದರಂತೆ ನಿರಂತರವಾಗಿ ಸುತ್ತುವ ವ್ಯವಸ್ಥೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಇದರ ಮೊದಲ ಹಂತ 1998ರಲ್ಲಿ, ಎರಡನೆಯ ಹಂತ 2005ರಲ್ಲಿ ಆರಂಭಗೊಂಡಿತು.

4. ಜಿಗ್‌ಬ್ಯಾಕ್: ಎರಡು ದೊಡ್ಡ ಪೆಟ್ಟಿಗೆಗಳಲ್ಲಿ ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುವ ವ್ಯವಸ್ಥೆ.

5. ಚೇರ್ ಲಿಫ್ಟ್: ಪೆಟ್ಟಿಗೆಯ ಬದಲು ತೆರೆದ ಆಸನಗಳಿರುವ ವ್ಯವಸ್ಥೆ.

ಹಗ್ಗಗಳ ವಿಧ:

ಒಂದೇ ಹಗ್ಗವು ಭಾರವನ್ನು ಹೊತ್ತು ಎಳೆಯುವ ಕೆಲಸವನ್ನೂ ಮಾಡಿದರೆ ಅದು ಏಕರಜ್ಜು ವ್ಯವಸ್ಥೆ. ಹೊರುವ ಹಗ್ಗ ಸ್ಥಿರವಾಗಿದ್ದು, ಎಳೆಯುವ ಹಗ್ಗ ಬೇರೆಯಾಗಿದ್ದರೆ ದ್ವಿರಜ್ಜು. ಹೊರಲು ಎರಡು, ಎಳೆಯಲು ಒಂದು ಇದ್ದರೆ ತ್ರಿರಜ್ಜು. ಈ ವ್ಯತ್ಯಾಸವು ಪ್ರಯಾಣಿಕರ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದೆ. ಇಟಲಿಯ ಮೊಟ್ಟರೋನೆ ಬೆಟ್ಟದ ಕೇಬಲ್ ಕಾರ್‌ನಲ್ಲಿ 23 ಮೇ 2021ರಂದು ಎಳೆಯುವ ಹಗ್ಗ ತುಂಡಾಯಿತು. ಅಂತಹ ಸಂದರ್ಭದಲ್ಲಿ ಹೊರುವ ಹಗ್ಗವನ್ನು ಹಿಡಿದು ಪೆಟ್ಟಿಗೆಯನ್ನು ನಿಲ್ಲಿಸಬೇಕಾದ ತುರ್ತು ಬ್ರೇಕ್ ಕೆಲಸ ಮಾಡದಂತೆ ಅದಕ್ಕೆ ಮೊದಲೇ ಕ್ಲಾಂಪ್ ಹಾಕಲಾಗಿತ್ತು. 15 ಪ್ರಯಾಣಿಕರಲ್ಲಿ 14 ಮಂದಿ ಮೃತಪಟ್ಟರು. ಒಬ್ಬ ಬಾಲಕ ಮಾತ್ರ ಬದುಕುಳಿದನು.

ಅರ್ಜಿದಾರರ ಗಮನಕ್ಕೆ:

ಅರ್ಜಿಯಲ್ಲಿ ಕೇವಲ 'ಕೇಬಲ್ ಕಾರ್' ಎಂದು ನಮೂದಿಸದೆ, 'ರೋಪ್‌ವೇ' ಎಂದು ಬರೆದು ಸ್ಥಳ, ಎರಡೂ ತುದಿಯ ನಿಲ್ದಾಣಗಳು, ಪ್ರಯಾಣಿಕರಿಗೋ ಸರಕಿಗೋ ಎಂಬುದು ಹಾಗೂ ತಿಳಿದಿದ್ದಲ್ಲಿ ವ್ಯವಸ್ಥೆಯ ವಿಧವನ್ನು ನಮೂದಿಸುವುದು ಸೂಕ್ತ. ಸುರಕ್ಷತೆಯ ಬಗ್ಗೆ ಮಾಹಿತಿ ಕೋರುವವರು ಹಗ್ಗಗಳ ಸಂಖ್ಯೆ, ತುರ್ತು ಬ್ರೇಕ್ ಮತ್ತು ತಪಾಸಣಾ ವರದಿಯ ವಿವರಗಳನ್ನು ಪ್ರತ್ಯೇಕವಾಗಿ ಕೇಳಬಹುದು. ಪ್ರಶ್ನೆ ನಿಖರವಾಗಿದ್ದಲ್ಲಿ ಸಂಬಂಧಪಟ್ಟ ಕಡತವನ್ನು ಗುರುತಿಸಿ ಉತ್ತರಿಸುವುದು ಸುಲಭವಾಗುತ್ತದೆ.