ಆಮೆಗೆ ಬಂದ ಹೊಸ ಬಲ

ಆಮೆ ಮತ್ತು ಮೊಲದ ಓಟದ ಕಥೆ ಕೇಳದ ಮಕ್ಕಳು ಯಾರಿದ್ದಾರೆ? ಆ ಕಥೆಯಲ್ಲಿ ಆಮೆ ಗೆದ್ದದ್ದು ಮೊಲ ನಡುದಾರಿಯಲ್ಲಿ ನಿದ್ದೆ ಹೋದದ್ದರಿಂದ. ಮೊಲ ಎಚ್ಚರವಾಗಿದ್ದಿದ್ದರೆ ಆಮೆಯ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮೊಲ ಕಣ್ಣು ಮಿಟುಕಿಸದೆ ಓಡಿದರೂ ಆಮೆಯೇ ಮುಂದಾಗುವ ಆಟವೊಂದಿದೆ. ಹದಿನಾಲ್ಕು ವರ್ಷ ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಆಮೆಯೊಂದು ಅಲ್ಲಿ ಒಮ್ಮೆಲೇ ಬಲಶಾಲಿಗಳ ಸಾಲಿಗೆ ಸೇರಿತು. ಆಟದ ಹೆಸರು ಪೋಕೆಮಾನ್. ಆಮೆಯ ಹೆಸರು ಟಾರ್ಕೋಲ್.

ಪೋಕೆಮಾನ್ ಎಂಬ ಹೆಸರು ತುಮಕೂರು, ಗುಬ್ಬಿ, ಕುಣಿಗಲ್‌ಗಳ ಮನೆಗಳಿಗೂ ಹೊಸದೇನಲ್ಲ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಅದರ ಕಾರ್ಟೂನ್ ಬರತೊಡಗಿದಾಗ ಶಾಲೆಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಇಂದು ತಾವೇ ಮಕ್ಕಳ ತಂದೆ ತಾಯಿ. ಹಳದಿ ಬಣ್ಣದ ಪಿಕಾಚು ಅವರಿಗೆ ನೆನಪಿದ್ದೇ ಇರುತ್ತದೆ. 2016ರ ಡಿಸೆಂಬರ್‌ನಲ್ಲಿ ‘ಪೋಕೆಮಾನ್ ಗೋ’ ಭಾರತಕ್ಕೆ ಬಂದಾಗ ಮೊಬೈಲ್ ಹಿಡಿದು ಬೀದಿ ಬೀದಿ ಅಲೆದವರೂ ಉಂಟು. ಇಲ್ಲಿ ಹೇಳಹೊರಟಿರುವುದು ಅವೆರಡಕ್ಕೂ ಮೂಲವಾದ ವಿಡಿಯೋ ಗೇಮಿನ ಸ್ಪರ್ಧೆಯ ವಿಷಯ.

ಆಟವಾದರೂ ಏನು?

ಜಪಾನಿನ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುವ ಹುಚ್ಚಿನವರು. ಆ ಹವ್ಯಾಸದಿಂದಲೇ ಹುಟ್ಟಿದ್ದು ಪೋಕೆಮಾನ್. 1996ರ ಫೆಬ್ರವರಿಯಲ್ಲಿ ನಿಂಟೆಂಡೋ ಕಂಪೆನಿಯ ಗೇಮ್ ಬಾಯ್ ಯಂತ್ರಕ್ಕೆ ಮೊದಲ ಆಟ ಬಂದಾಗ ಅದರಲ್ಲಿ ಇದ್ದದ್ದು 151 ಪ್ರಾಣಿಗಳು. ಈಗ ಅವುಗಳ ಸಂಖ್ಯೆ ಸಾವಿರ ದಾಟಿದೆ. ಒಂದೊಂದಕ್ಕೂ ಒಂದೋ ಎರಡೋ ವರ್ಗ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಹೀಗೆ ಒಟ್ಟು 18 ವರ್ಗಗಳ ಲೆಕ್ಕಾಚಾರ.

ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ನಡೆಯುವುದು ಜೋಡಿ ಕಾಳಗ. ಆಟಗಾರ ಆರು ಪ್ರಾಣಿಗಳ ತಂಡ ಕಟ್ಟುತ್ತಾನೆ. ಎದುರಾಳಿಯ ಆರನ್ನು ನೋಡಿ, ತನ್ನ ಆರರಲ್ಲಿ ನಾಲ್ಕನ್ನು ಆರಿಸುತ್ತಾನೆ. ಕಣಕ್ಕೆ ಇಳಿಯುವುದು ಒಮ್ಮೆಗೆ ಎರಡೇ. ಪ್ರತಿ ಪ್ರಾಣಿಗೆ ನಾಲ್ಕು ಪಟ್ಟು, ಒಂದು ಹುಟ್ಟುಗುಣ. ಎಲ್ಲವನ್ನೂ 50ನೇ ಹಂತಕ್ಕೆ ಸಮ ಮಾಡಿಯೇ ಕಾಳಗಕ್ಕೆ ಬಿಡುವುದರಿಂದ ಹಗಲು ರಾತ್ರಿ ಆಡಿದವನ ಪ್ರಾಣಿಗೆ ಹೆಚ್ಚಿನ ಹಂತದ ಲಾಭ ಸಿಗುವುದಿಲ್ಲ. ಗೆಲುವು ನಿಂತಿರುವುದು ಆಯ್ಕೆಯ ಮೇಲೆ.

ಕೆಲವು ವರ್ಷಗಳಿಗೊಮ್ಮೆ ಹೊಸ ಆಟ ಬರುತ್ತದೆ. ಜೊತೆಗೆ ಹೊಸ ನಿಯಮ, ಹೊಸ ಪಟ್ಟುಗಳೂ ಬರುತ್ತವೆ. ಹೊಸ ಪ್ರಾಣಿಗಳು ಬಂದ ಮೇಲೆ ಹಳೆಯವು ಮೂಲೆ ಸೇರಬೇಕಲ್ಲವೇ? ಎಷ್ಟೋ ಸಲ ಆಗುವುದು ಅದಕ್ಕೆ ತಿರುಗಾಮುರುಗ!

ನಿಧಾನವೇ ಪ್ರಧಾನ

ಟಾರ್ಕೋಲ್ ಬಂದದ್ದು 2002ರಲ್ಲಿ. ಬೆನ್ನಿನ ಚಿಪ್ಪಿನಲ್ಲಿ ಕಲ್ಲಿದ್ದಲು ಉರಿಸುವ ಆಮೆ. ರಕ್ಷಣೆಯ ಅಂಕ 140, ವೇಗದ ಅಂಕ ಬರೀ 20. ಎದುರಾಳಿ ಎರಡೇಟು ಹಾಕಿದ ಮೇಲೆ ಇದರ ಸರದಿ. ಇದರ ಬಳಿ ಇರಪ್ಷನ್ ಎಂಬ ಭಾರಿ ಪಟ್ಟು ಇತ್ತು. ಮೈಯಲ್ಲಿ ಪೂರ್ತಿ ಶಕ್ತಿ ಇದ್ದಾಗ ಅದರ ಬಲ 150. ಅರ್ಧ ಶಕ್ತಿ ಹೋಗಿದ್ದರೆ ಬಲವೂ ಅರ್ಧ. ಮೊದಲೇ ಏಟು ತಿನ್ನುವ ಆಮೆಗೆ ಇದು ಹಲ್ಲಿಲ್ಲದವನಿಗೆ ಸಿಕ್ಕ ಕಡಲೆ.

2006ರಲ್ಲಿ ‘ಟ್ರಿಕ್ ರೂಮ್’ ಎಂಬ ಪಟ್ಟು ಬಂತು. ಅದನ್ನು ಹಾಕಿದರೆ ಐದು ಸರದಿಗಳ ಕಾಲ ಕಣವೇ ತಲೆಕೆಳಗು: ಎಲ್ಲರಿಗಿಂತ ನಿಧಾನ ಇರುವವನದೇ ಮೊದಲ ಏಟು. 2016ರ ‘ಸನ್’ ಮತ್ತು ‘ಮೂನ್’ ಆಟಗಳಲ್ಲಿ ಟಾರ್ಕೋಲ್‌ಗೆ ಹೊಸ ಹುಟ್ಟುಗುಣವೂ ಸಿಕ್ಕಿತು. ಅದು ಕಣಕ್ಕೆ ಇಳಿದರೆ ಸಾಕು, ಬಿಸಿಲು ಏರುತ್ತದೆ. ಬೆಂಕಿಯ ಪಟ್ಟುಗಳ ಬಲ ಒಂದೂವರೆ ಪಟ್ಟಾಗುತ್ತದೆ.

ಗಣಿತ ಇಷ್ಟಪಡುವ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಪಟ್ಟಿನ ಬಲ 150. ತನ್ನದೇ ವರ್ಗದ ಪಟ್ಟಾದ್ದರಿಂದ ಅದನ್ನು 1.5ರಿಂದ ಗುಣಿಸಬೇಕು, 225. ಬಿಸಿಲಿಗೆ ಮತ್ತೆ 1.5, 337.5. ಏಟು ಇಬ್ಬರು ಎದುರಾಳಿಗಳ ಮೇಲೂ ಬೀಳುವುದರಿಂದ ನಿಯಮದಂತೆ ಮುಕ್ಕಾಲು ಭಾಗ ಮಾಡಬೇಕು; ಸುಮಾರು 253. ಬೆಂಕಿಯ ಪ್ರಾಣಿಗಳ ಮಾಮೂಲಿ ಪಟ್ಟಾದ ಫ್ಲೇಮ್‌ಥ್ರೋವರ್‌ನ ಬಲ 90. ವರ್ಗದ ಲಾಭ ಸೇರಿದರೂ 135, ಅದೂ ಒಬ್ಬ ಎದುರಾಳಿಗೆ ಮಾತ್ರ. ಆಮೆಯ ವೇಗ ಅಂದೂ 20, ಇಂದೂ 20. ಕೊರತೆ ಎನಿಸಿದ್ದ ಆ ಇಪ್ಪತ್ತೇ ಈಗ ಬಂಡವಾಳ.

ಇದು ಆಟದ ಮಾತಾಯಿತು ಎನ್ನುವ ಹಿರಿಯರು ಕುಣಿಗಲ್ಲಿನ ಕುದುರೆ ಫಾರಂ ನೆನೆಯಬಹುದು. ಹೈದರ್, ಟಿಪ್ಪು ಸುಲ್ತಾನರ ಕಾಲದಲ್ಲಿ ಅಲ್ಲಿ ಕುದುರೆ ಸಾಕಿದ್ದು ಅಶ್ವದಳಕ್ಕಾಗಿ. ಮುಂದೆ ಅದೇ ನೆಲದಲ್ಲಿ ರೇಸಿನ ಕುದುರೆಗಳು ಬೆಳೆದವು. ಸೈನಿಕನನ್ನೂ ಅವನ ಸಾಮಾನನ್ನೂ ಹೊತ್ತು ದಿನವಿಡೀ ನಡೆಯಬೇಕಾದ ಕುದುರೆಯೇ ಬೇರೆ, ಎರಡು ಮೂರು ನಿಮಿಷದಲ್ಲಿ ಓಟ ಮುಗಿಸಬೇಕಾದ ಕುದುರೆಯೇ ಬೇರೆ. ಯಾವುದು ಒಳ್ಳೆಯ ಕುದುರೆ ಎಂದು ಕೇಳಿದರೆ, ಯಾವ ಕೆಲಸಕ್ಕೆ ಎಂದು ಮೊದಲು ಕೇಳಬೇಕಾಗುತ್ತದೆ.

ಅಳಿಲು ಸೇವೆ

2014ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಅವರ ತಂಡದಲ್ಲಿ ಪಚಿರಿಸು ಎಂಬ ಪುಟ್ಟ ಅಳಿಲು! 2006ರಲ್ಲಿ ಬಂದ, ಮುದ್ದಾಗಿದೆ ಎಂಬುದನ್ನು ಬಿಟ್ಟರೆ ಬೇರೆ ಹೆಸರಿಲ್ಲದ ಪ್ರಾಣಿ ಅದು. ನೋಡುವವರಿಗೆ ಇದೇನೋ ತಮಾಷೆ ಎನಿಸಿತು.

ಪಾರ್ಕ್ ಅವರ ಲೆಕ್ಕ ಬೇರೆ ಇತ್ತು. ತಂಡದ ಬಲಭೀಮ ಗ್ಯಾರಡೋಸ್‌ಗೆ ವಿದ್ಯುತ್ ಎಂದರೆ ಮೃತ್ಯು. ಏಟು ನಾಲ್ಕು ಪಟ್ಟು ತಗಲುತ್ತದೆ. ಪಚಿರಿಸುವಾದರೋ ವಿದ್ಯುತ್ತನ್ನು ಕುಡಿದು ಚೇತರಿಸಿಕೊಳ್ಳುತ್ತದೆ. ‘ಫಾಲೋ ಮಿ’ ಎಂಬ ಪಟ್ಟಿನಿಂದ ಎದುರಾಳಿಗಳ ದಾಳಿಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಅಳಿಲು ಏಟು ತಿನ್ನುತ್ತಿದ್ದರೆ ಪಕ್ಕದ ದೊಡ್ಡಣ್ಣ ತನ್ನ ಕೆಲಸ ಮುಗಿಸುತ್ತಿದ್ದ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಪಾರ್ಕ್ ಅವರಿಗೇ ಬಂತು.

ಶಿವರಾತ್ರಿಯ ಸಮಯದಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ಎತ್ತು ಕೊಳ್ಳುವ ರೈತ ಹಲ್ಲು, ಕೊಂಬು, ಸುಳಿ ನೋಡಿದ ಮೇಲೂ ಕೊನೆಗೆ ನೋಡುವುದು ಜೋಡಿಯನ್ನು. ಎತ್ತು ಎಷ್ಟೇ ಕಟ್ಟುಮಸ್ತಾಗಿರಲಿ, ನೊಗದ ಇನ್ನೊಂದು ಬದಿಯದರ ಹೆಜ್ಜೆಗೆ ಹೆಜ್ಜೆ ಕೂಡದಿದ್ದರೆ ಉಳುಮೆ ಸಾಗದು.

ಬಡ್ತಿ ಸಿಗದವನ ಭಾಗ್ಯ

ಪೋಕೆಮಾನ್ ಪ್ರಾಣಿಗಳಲ್ಲಿ ಹಲವು ಬೆಳೆದು ರೂಪ ಬದಲಿಸುತ್ತವೆ. ಕೊನೆಯ ರೂಪ ಬಂದ ಮೇಲೆ ನಡುವಿನದನ್ನು ಕೇಳುವವರು ಕಡಿಮೆ. 1999ರಲ್ಲಿ ಬಂದ ಪೋರಿಗಾನ್-2ಕ್ಕೆ 2006ರಲ್ಲಿ ಮುಂದಿನ ರೂಪ ಬಂದಾಗ ಅದರ ಕಥೆ ಮುಗಿಯಿತು ಎನಿಸಿದ್ದರೆ ತಪ್ಪಿಲ್ಲ. ಆದರೆ 2010ರ ‘ಬ್ಲ್ಯಾಕ್’ ಮತ್ತು ‘ವೈಟ್’ ಆಟಗಳಲ್ಲಿ ಎವಿಯೊಲೈಟ್ ಎಂಬ ಕಲ್ಲು ಬಂತು. ಇನ್ನೂ ಬೆಳೆಯಲು ಬಾಕಿ ಇರುವ ಪ್ರಾಣಿ ಅದನ್ನು ಹಿಡಿದರೆ ಎರಡು ಬಗೆಯ ರಕ್ಷಣೆಯೂ ಒಂದೂವರೆ ಪಟ್ಟು. ಬಡ್ತಿ ಪಡೆದವರಿಗೆ ಆ ಲಾಭ ಇಲ್ಲ! ಪೋರಿಗಾನ್-2 ಕಲ್ಲುಬಂಡೆಯಾಯಿತು. 2017ರ ಸ್ಪರ್ಧೆಗಳಲ್ಲಿ ಅದು ಏಟು ತಾಳಿಕೊಂಡು ಟ್ರಿಕ್ ರೂಮ್ ಹಾಕುವುದು, ಆಮೆ ಬೆಂಕಿ ಸುರಿಯುವುದು, ಹೀಗೆ ಇಬ್ಬರು ಹಳಬರ ಜೋಡಿ ಚೆನ್ನಾಗಿ ಕೂಡಿಬಂತು.

ಹೊಸ ರಂಗ, ಹಳೆಯ ನಟ

2013ರವರೆಗೆ ಡ್ರ್ಯಾಗನ್‌ಗಳ ಅಬ್ಬರ ತಡೆಯುವುದು ಕಷ್ಟವಾಗಿತ್ತು. ಆ ವರ್ಷ ‘ಎಕ್ಸ್’ ಮತ್ತು ‘ವೈ’ ಆಟಗಳಲ್ಲಿ ಫೇರಿ ಎಂಬ ಹೊಸ ವರ್ಗ ಬಂತು. ಡ್ರ್ಯಾಗನ್ ವರ್ಗದ ಪಟ್ಟು ಫೇರಿಗೆ ತಾಗುವುದೇ ಇಲ್ಲ. 1996ರ ಕ್ಲಿಫೇಬಲ್, 1999ರ ಅಜುಮರಿಲ್, 2002ರ ಗಾರ್ಡಿವೋರ್ ಮುಂತಾದ ಹಳಬರನ್ನು ಆ ವರ್ಗಕ್ಕೆ ಸೇರಿಸಲಾಯಿತು. ಹಿಂದಿನ ದಿನ ಡ್ರ್ಯಾಗನ್ ಕಂಡರೆ ಹೆದರಬೇಕಿದ್ದವು ಮರುದಿನ ಅದರ ಎದುರೇ ಎದೆ ಸೆಟೆಸಿ ನಿಂತವು. 1996ರ ಮುಂಗೋಪಿ ಕೋತಿ ಪ್ರೈಮೇಪ್‌ಗಂತೂ 26 ವರ್ಷಗಳ ನಂತರ, 2022ರ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ ಆಟಗಳಲ್ಲಿ, ಹೊಸ ರೂಪವೇ ಸಿಕ್ಕಿತು.

ರಂಗ ಬದಲಾದಾಗ ಹಳಬರು ಮೆರೆದದ್ದಕ್ಕೆ ಗುಬ್ಬಿಗಿಂತ ಒಳ್ಳೆಯ ನಿದರ್ಶನ ಬೇಕೆ? 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪೆನಿ, ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಮೆರೆಯಿತು. ಸಿನಿಮಾ ಬಂದಾಗ ನಾಟಕಕ್ಕೆ ಕುತ್ತು ಬಂತೆನ್ನುವುದು ನಿಜ. ಆದರೆ ಕಂಪೆನಿಯ ರಂಗದ ಮೇಲೆ ಜನ ಮೆಚ್ಚಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಚಿತ್ರವಾಯಿತು. ನಾಟಕದಲ್ಲಿ ಪಳಗಿದ್ದ ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು ಅದರಿಂದ ಮನೆಮಾತಾದರು. ಕಲಿತ ವಿದ್ಯೆ ಹಳೆಯದೇ. ಅದನ್ನು ಕಾಣಿಸುವ ಪರದೆ ಮಾತ್ರ ಹೊಸದು.

ಎಲ್ಲ ಹಳಬರಿಗೂ ಇಂಥ ಯೋಗವಿಲ್ಲ ಎಂಬುದನ್ನೂ ಹೇಳಬೇಕು. 1996ರ ಗೆಂಗಾರ್ ಎಂಬ ಭೂತ ನೆಲದ ದಾಳಿಗೆ ಸಿಗದಂತೆ ಗಾಳಿಯಲ್ಲಿ ತೇಲುತ್ತಿತ್ತು. 2016ರಲ್ಲಿ ಆ ಹುಟ್ಟುಗುಣವನ್ನೇ ಕಿತ್ತುಕೊಳ್ಳಲಾಯಿತು. ನಿಯಮ ಕೊಡುತ್ತದೆ, ಕಿತ್ತುಕೊಳ್ಳುತ್ತದೆ. ಪಟ್ಟಿಯನ್ನು ಹೊಸದಾಗಿ ಓದುವ ಆಟಗಾರನಿಗೆ ಮಾತ್ರ ಎರಡೂ ಗೊತ್ತಾಗುತ್ತವೆ.

ಪೋಷಕರಿಗೊಂದು ಮಾತು

ಮಗ ಅಥವಾ ಮಗಳು ಇಂಥ ಆಟಕ್ಕೆ ಕುಳಿತರೆ ಓದು ಹಾಳಾಯಿತೆಂಬ ಭಯ ಸಹಜ. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮುಖ್ಯವಾಗುವುದು, ಕೇಡಾದರೂ ಬಿಡಲಾಗದಿರುವುದು – ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಪೋಕೆಮಾನ್ ಕಾಳಗ ಪಣದ ಆಟವಲ್ಲ. ಆದರೂ ಗಡಿಯಾರ ನೋಡಿ ಆಡುವ ಶಿಸ್ತು ಇದಕ್ಕೂ ಬೇಕು. ‘ಎಷ್ಟು ಹೊತ್ತು ಆಡಿದೆ?’ ಎಂದು ಕೇಳುವುದರ ಜೊತೆಗೆ ‘ನಿನ್ನ ತಂಡದಲ್ಲಿ ಆ ಆಮೆ ಯಾಕಿದೆ?’ ಎಂದೂ ಒಮ್ಮೆ ಕೇಳಿ ನೋಡಿ. ಮಗು ಕಾರಣ ಕೊಟ್ಟು ವಿವರಿಸಿದರೆ ಅದು ಯೋಚಿಸಿಯೇ ಆಡುತ್ತಿದೆ ಎಂದು ತಿಳಿಯಿರಿ.

ಇನ್ನೂ ಒಂದು ಮಾತಿದೆ. ‘ನಿಧಾನ’, ‘ಹಿಂದುಳಿದವನು’ ಎಂದು ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದು ಮನೆಯಲ್ಲೂ ಇದೆ, ಶಾಲೆಯಲ್ಲೂ ಇದೆ. ಅದು ಹೆಚ್ಚಾಗಿ ಒಂದೇ ಪರೀಕ್ಷೆಯ, ಒಂದೇ ದಿನದ ಲೆಕ್ಕ. ಕರ್ನಾಟಕದಲ್ಲಿ 2023-24ನೇ ಸಾಲಿನಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೂರರಲ್ಲಿ ಹೆಚ್ಚು ಬಂದ ಅಂಕವೇ ಆಗ ಉಳಿಯುತ್ತಿತ್ತು. ಮಾರ್ಚಿನಲ್ಲಿ ಎಡವಿದ ಹುಡುಗಿ ಕೆಲವೇ ತಿಂಗಳಲ್ಲಿ ಬೇರೆ ಹುಡುಗಿಯಾಗಿಬಿಡುವುದಿಲ್ಲ. ಅವಳಿಗೆ ಸಿಕ್ಕಿದ್ದು ಇನ್ನೊಂದು ಸರದಿ, ಓದಿದ್ದನ್ನು ಅರಗಿಸಿಕೊಳ್ಳಲು ಇನ್ನಷ್ಟು ಸಮಯ. ಫಲಿತಾಂಶದ ದಿನ ಮನೆಯವರು ಆಡುವ ಮಾತು, ಅವಳು ಆ ಸರದಿಗೆ ಕಾಯುವಂತಿರಲಿ.